ತಾಂಡೇಲನ ದೋಣಿಗೆ ಭಾರ ಬೇಕಾಗಿತ್ತು

ನಾನು ಮೊದಲ ಸಲ ಸಮುದ್ರ ನೋಡಿದ್ದು ಒಣಮೀನಿನ ಲಾರಿಯ ಮುಂದಿನ ಸೀಟಿನಲ್ಲಿ ಕೂತು. ಘಟ್ಟದ ಕೊನೆಯ ತಿರುವಿನಲ್ಲಿ ಲಾರಿಯ ದೇವು ಬ್ರೇಕು ಒತ್ತಿ "ಅಕೋ, ನೋಡು" ಅಂದ. ಕೆಳಗೆ ಹಂಚಿನ ಮನೆಗಳ ಊರು, ಅದರಾಚೆ ಕಣ್ಣು ಕುಕ್ಕುವಷ್ಟು ನೀಲಿ. ಆ ನೀಲಿಯ ಮೇಲೆ ಬಿಳಿ ಹಾಯಿಗಳು ಚೆಲ್ಲಿಕೊಂಡಿದ್ದವು. ನಾನು ನೋಡುತ್ತಿದ್ದ ಹಾಗೇ ಅವುಗಳಲ್ಲೊಂದು ನೀರು ಬಿಟ್ಟು ಮೇಲೆದ್ದಿತು. ದೋಣಿಯ ಹೊಟ್ಟೆಯಿಂದ ನೀರು ಸೋರುತ್ತಿತ್ತು. ಅದರಡಿಯಲ್ಲಿ ಬಿಸಿಲು ಕಾಣುತ್ತಿತ್ತು.

"ದೇವೂ! ದೋಣಿ ಹಾರಾಕ ಹತ್ತೇತೋ!" ಎಂದು ಕೂಗಿ ಅವನ ತೋಳು ಹಿಡಿದು ಅಲ್ಲಾಡಿಸಿದೆ.

ಅವನು ಬೀಡಿ ಹಚ್ಚಿಕೊಳ್ಳುತ್ತ, "ಮಧ್ಯಾಹ್ನದ ಗಾಳಿ ಎದ್ತು. ಸೆರಗು ಗಟ್ಟಿಯಾಗಿ ಸಿಕ್ಕಿಸ್ಕ" ಅಂದನಷ್ಟೆ.

ನನ್ನ ಹೆಸರು ದ್ಯಾಮವ್ವ. ಬಯಲುಸೀಮೆಯ ಒಂದು ಊರಿನಲ್ಲಿ ಅಣ್ಣನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ದೇವರು ನನಗೆ ಮೈ ಕೊಡುವಾಗ ಕೈ ಬಿಗಿ ಹಿಡಿಯಲಿಲ್ಲ. ಎತ್ತರವೂ ಕೊಟ್ಟ, ಅಗಲವೂ ಕೊಟ್ಟ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಬಾಗಿಲ ಚೌಕಟ್ಟನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಅತ್ತಿಗೆ ಕೆಟ್ಟವಳಲ್ಲ. ಆದರೆ ಅಡಿಗೆಮನೆಯಲ್ಲಿ ನನ್ನನ್ನು ದಾಟಿ ಹೋಗುವಾಗಲೆಲ್ಲ ಹೊಟ್ಟೆ ಒಳಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು, ಅಷ್ಟು ಜಾಗ ಬೇಕಾಗಿರದಿದ್ದಾಗಲೂ. ಒಂದು ಸಂತೆಯ ದಿನ ಊಟಕ್ಕೆ ಬಂದ ದೇವು ನನ್ನನ್ನು ನೋಡಿ, "ಅಕ್ಕಾ, ನೀನು ನಮ್ಮೂರಲ್ಲಿರಬೇಕಿತ್ತು. ನಿನ್ನಂಥವರನ್ನ ಅಲ್ಲಿ ಹುಡುಕ್ಕಂಡು ಬತ್ರು" ಅಂದ. ಊಟಕ್ಕೆ ಕೂತವರೆಲ್ಲ ನಕ್ಕರು. ಅಣ್ಣನೂ ನಕ್ಕ. ದೇವು ಮಾತ್ರ ನಗಲಿಲ್ಲ. ಅದನ್ನು ನೋಡಿಯೇ ನಾನು ಕೈಯ ಹಿಟ್ಟು ತೊಳೆದುಕೊಂಡು, ಎರಡು ಸೀರೆ ಗಂಟು ಕಟ್ಟಿ, ಅವನ ಲಾರಿ ಹತ್ತಿದ್ದು.

ಊರೊಳಗೆ ಇಳಿದಾಗ ಗಾಳಿ ಬೀದಿ ಬೀದಿಯಲ್ಲೂ ಓಡಾಡುತ್ತಿತ್ತು. ಅಂಗಡಿಯ ಮುಂದೆ ಹರಡಿದ್ದ ಸೊಪ್ಪಿನ ಮೇಲೆ, ಒಣಹಾಕಿದ್ದ ಬಟ್ಟೆಯ ಮೇಲೆ, ಚಹದ ಗ್ಲಾಸಿನ ತಟ್ಟೆಯ ಮೇಲೆ ಕೂಡ ಕಲ್ಲು. ಸಣಕಲ ಮಾಸ್ತರರೊಬ್ಬರು ಅಂಗಿಯ ಎರಡೂ ಕಿಸೆಗಳಲ್ಲಿ ಒಂದೊಂದು ಕಲ್ಲು ಹಾಕಿಕೊಂಡು ಏನೂ ಆಗಿಲ್ಲವೆಂಬಂತೆ ಶಾಲೆಯಿಂದ ಬರುತ್ತಿದ್ದರು. ಒಂದು ಮನೆಯ ಜಗಲಿಯಲ್ಲಿ ತೊಟ್ಟಿಲನ್ನು ಒರಳುಕಲ್ಲಿಗೆ ಕಟ್ಟಿದ್ದರು, ಒಳಗೆ ಕೂಸು ಹಾಯಾಗಿ ಮಲಗಿತ್ತು. ನಾನು ಏನೂ ಕಟ್ಟಿಕೊಳ್ಳದೆ ಬೀದಿಯ ನಡುವೆ ನಡೆದು ಹೋದೆ. ಜನ ನಿಂತು ನೋಡಿದರು. ನೋಡುವುದು ನನಗೆ ಹೊಸದಲ್ಲ. ಆದರೆ ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಎಂಥ ಗಟ್ಟಿ ನಡಿಗೆ ನೋಡೇ" ಅಂದದ್ದು ಕಿವಿಗೆ ಬಿತ್ತು. ನಾನು ತಿರುಗಿ ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

ದೇವು ನನ್ನನ್ನು ಸೀದಾ ದಂಡೆಗೆ ಕರೆದುಕೊಂಡು ಹೋಗಿ ಗೋಯ್ದನ ಮುಂದೆ ನಿಲ್ಲಿಸಿದ. ಅಲ್ಲಿ ದೋಣಿಯ ಯಜಮಾನನಿಗೆ ತಾಂಡೇಲ ಅನ್ನುತ್ತಾರೆ. ಗೋಯ್ದ ತಾಂಡೇಲ ಐವತ್ತು ದಾಟಿದ ಒಣಕಲು ಮನುಷ್ಯ. ಬಿಸಿಲಿಗೆ ಸುಟ್ಟು ಸುಟ್ಟು ಕಣ್ಣಿನ ಬಿಳಿ ಮಾತ್ರ ಉಳಿದ ಹಾಗಿದ್ದ. ಗಾಳಿಗೆ ಹಾರಿಹೋಗದಂತೆ ಅವನ ದೋಣಿಗೆ ಭಾರವಾಗಿದ್ದವನು ಹೆಂಡತಿಯ ಊರಿಗೆ ಹೋಗಿ ನೆಲೆಸಿಬಿಟ್ಟಿದ್ದನಂತೆ. ಆಮೇಲೆ ಮರಳಿನ ಚೀಲ ಹಾಕಿಕೊಂಡು ನೋಡಿದ್ದ.

"ಚೀಲಕ್ಕೆ ಕಿವಿ ಇಲ್ಲ, ಕಾಲಿಲ್ಲ," ಅಂದ ಗೋಯ್ದ. "ಗಾಳಿ ಬಲಕ್ಕೆ ತಿರುಗಿದ್ರೆ ಬಲಕ್ಕೆ ಓಡೂದಿಲ್ಲ ಅದು. ನಿಂಗೆ ಓಡೂಕೆ ಬರ್ತದಾ?"

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಚಿಕ್ಕವಳಿದ್ದಾಗ ಓಡಿದರೆ ಅವ್ವ, ನೆಲ ನಡುಗುತ್ತದೆ ಕೂತುಕೋ ಅನ್ನುತ್ತಿದ್ದಳು. "ಓಡ್ತೀನ್ರಿ," ಅಂದೆ. ಗಂಟನ್ನು ಮರಳಿನ ಮೇಲೆ ಇಟ್ಟು, ಸೀರೆ ಎತ್ತಿ ಕಚ್ಚೆ ಹಾಕಿ, ದಂಡೆಯ ಉದ್ದಕ್ಕೆ ಓಡಿ ತೋರಿಸಿದೆ. ತಿರುಗಿ ಬರುವಷ್ಟರಲ್ಲಿ ಗೋಯ್ದ ದೋಣಿ ನೀರಿಗೆ ತಳ್ಳುತ್ತಿದ್ದ. ಹಾಯಿ ನೋಡಿಕೊಳ್ಳುವ ಗಫೂರ ಒಳಗಿಂದ ಕೈ ಚಾಚಿ, "ಹತ್ತು ಅಕ್ಕಾ, ಇವತ್ತಿನ ಗಾಳಿ ನಾಳೆ ಸಿಗೂದಿಲ್ಲ" ಅಂದ. ಅವನು ಇಪ್ಪತ್ತೈದರ ಹರೆಯದವನು. ಗಾಳಿಗೆ ಹಾರದಿರಲೆಂದು ಸೊಂಟಕ್ಕೆ ಕಬ್ಬಿಣದ ಸರಪಳಿ ಸುತ್ತಿಕೊಂಡಿದ್ದ.

ಆ ಮೊದಲ ಪಯಣವನ್ನು ಹೇಗೆ ಹೇಳಲಿ! ಹಾಯಿ ಬಿಚ್ಚಿದ ಕೂಡಲೇ ದೋಣಿ ಕೊರಳ ಹಗ್ಗ ಬಿಚ್ಚಿದ ಹೋರಿಯ ಹಾಗೆ ನುಗ್ಗಿತು. ಅಲೆಗಳು ಅಡಿಗೆ ದಬದಬ ಬಡಿಯುತ್ತಿದ್ದವು. ಬೆಳಿಗ್ಗೆ ತಿಂದದ್ದೆಲ್ಲ ಸಮುದ್ರಕ್ಕೆ ಒಪ್ಪಿಸಿದೆ. ಇನ್ನು ನನ್ನ ಕತೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಆ ಬಡಿತ ಥಟ್ಟನೆ ನಿಂತಿತು. ಸದ್ದೇ ಇಲ್ಲ. ಬಗ್ಗಿ ನೋಡಿದರೆ ನೀರು ಒಂದು ಆಳೆತ್ತರ ಕೆಳಗಿದೆ, ಅದರ ಮೇಲೆ ನಮ್ಮ ನೆರಳು ಓಡುತ್ತಿದೆ. "ಎಡಾ!" ಎಂದು ಗೋಯ್ದ ಕೂಗಿದ. ಎಡಕ್ಕೆ ಓಡಿದೆ. ವಾಲಿದ್ದ ದೋಣಿ ನೆಟ್ಟಗಾಯಿತು. "ಮುಂದೆ!" ಮುಂದೆ ಓಡಿದೆ. ಮೂತಿ ತಗ್ಗಿಸಿ ದೋಣಿ ಕೆಳಗಿಳಿಯಿತು. ನಾನು ನಿಂತಲ್ಲಿ ದೋಣಿ ಬಗ್ಗುತ್ತದೆ, ನಾನು ಹೋದಲ್ಲಿಗೆ ಬರುತ್ತದೆ! ನಾನು ನಗತೊಡಗಿದೆ. ಬಾಯಲ್ಲಿ ಉಪ್ಪು, ಕಣ್ಣಲ್ಲಿ ನೀರು, ನಗು ಮಾತ್ರ ನಿಲ್ಲಲೇ ಇಲ್ಲ. ಗಫೂರ ಗಾಬರಿಯಾಗಿ, "ತಾಂಡೇಲರೇ, ಅಕ್ಕನಿಗೆ ಏನೋ ಆಯ್ತು" ಅಂದ. "ಏನೂ ಆಗ್ಲಿಲ್ಲ. ಎಲ್ಲರಿಗೂ ಆಗೂದೇ," ಅಂದ ಗೋಯ್ದ.

ಅಂದಿನಿಂದ ತಿಂಗಳುಗಟ್ಟಲೆ ನಾನು ಆ ದೋಣಿಯ ಭಾರವಾಗಿದ್ದೆ. ಊರಿನೆದುರು ಸಮುದ್ರದಲ್ಲಿ ಒಂದು ಕುರ್ವೆ ಇತ್ತು. ನಡುಗಡ್ಡೆಗೆ ಅಲ್ಲಿಯವರು ಕುರ್ವೆ ಅನ್ನುತ್ತಾರೆ. ಅಲ್ಲಿಗೆ ಅಕ್ಕಿ, ಸೀಮೆಎಣ್ಣೆ, ಜನ. ಅಲ್ಲಿಂದ ತೆಂಗಿನಕಾಯಿ, ಚಿಪ್ಪು, ಜನ. ಗೋಯ್ದನ ಮನೆಯ ಹಿಂದಿನ ಚಪ್ಪರದಲ್ಲಿ ನನ್ನ ವಾಸ. ಮೊದಲು ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದವಳು ಆಮೇಲೆ ವಾಸನೆಯಿಂದಲೇ ಬಂಗಡೆ ಯಾವುದು ತಾರ್ಲೆ ಯಾವುದು ಅಂತ ಹೇಳುವಷ್ಟಾದೆ. ಅಂಗೈ ಗಟ್ಟಿಯಾಯಿತು. ಗೋಯ್ದ ಕೂಗುವ ಮುಂಚೆಯೇ ಕಾಲು ತಾನೇ ಓಡುತ್ತಿತ್ತು. ಸಂಜೆ ದಂಡೆಯಲ್ಲಿ ಬೇರೆ ದೋಣಿಗಳ ಭಾರದವರೂ ನಾನೂ ಒಟ್ಟಿಗೆ ಕೂರುತ್ತಿದ್ದೆವು. ಎಲ್ಲ ಧಡೂತಿಗಳು. ನಾವು ಕೂತ ಕಡೆ ಮರಳು ತಗ್ಗಾಗುತ್ತಿತ್ತು. ಆ ತಗ್ಗು ನೋಡಿ ಯಾರೂ ಏನೂ ಅನ್ನುತ್ತಿರಲಿಲ್ಲ.

ಇಷ್ಟೆಲ್ಲ ಕಲಿತವಳಿಗೆ ಒಂದು ಮಾತ್ರ ಬರುತ್ತಿರಲಿಲ್ಲ: ಈಜು. ಆ ಊರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ನಡೆಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಕೇಳದ ಮೇಲೆ ನಾನೂ ಹೇಳಲಿಲ್ಲ. ಹೇಳಿದರೆ ದೋಣಿಯಿಂದ ಇಳಿಸಿಬಿಟ್ಟಾರೆಂಬ ಹೆದರಿಕೆ.

ಗುಲಾಬಿಯ ಮದುವೆ ಬಂತು. ಅವಳು ನಮ್ಮ ದಂಡೆಯ ಹುಡುಗಿ, ಗಂಡು ಕುರ್ವೆಯವನು. ಬೆಳಿಗ್ಗೆಯೇ ದಿಬ್ಬಣದ ದೋಣಿಗಳು ಹೋದವು. ಮದುಮಗಳ ದೋಣಿ ಮಾತ್ರ ಮುಹೂರ್ತ ನೋಡಿಕೊಂಡು ಮಧ್ಯಾಹ್ನದ ಗಾಳಿಗೆ ಹೊರಟಿತು. ಅದರಲ್ಲಿ ಗುಲಾಬಿ, ಅವಳ ಅಜ್ಜಿ ಹೊನ್ನಮ್ಮ, ದೋಣಿ ನಡೆಸಲು ಮಾವ ಪುರ್ಸು, ಭಾರಕ್ಕೆ ತುಕಾರಾಮ. ಹಿಂದೆಯೇ ನಾವು, ಮದುವೆಯ ಅಡಿಗೆ ಹೇರಿಕೊಂಡು. ಕಡಾಯಿಗಟ್ಟಲೆ ಪಾಯಸ, ಬುಟ್ಟಿ ಬುಟ್ಟಿ ವಡೆ. ಗಫೂರ ಹಾಯಿಯ ಹಗ್ಗ ಹಿಡಿದುಕೊಂಡೇ ಒಂದು ಕೈಯಲ್ಲಿ ವಡೆ ಮುಗಿಸುತ್ತಿದ್ದ.

ಅರ್ಧ ದಾರಿಯಲ್ಲಿ ಸುಳಿಗಾಳಿ ಎದ್ದಿತು. ಮುಂದಿನ ದೋಣಿ ಒಂದು ಮಗ್ಗುಲಿಗೆ ವಾಲಿತು. ತುಕಾರಾಮ ಆಚೆ ಮಗ್ಗುಲಿಗೆ ಓಡಿದ, ಕಾಲು ಜಾರಿ ಹೊರಗೆ ಬಿದ್ದ. ನೀರಿನಲ್ಲಿ ಅವನು ತಲೆ ಎತ್ತಿದ್ದನ್ನು, ಹತ್ತಿರದ ಮೀನಿನ ದೋಣಿ ಅವನ ಕಡೆ ತಿರುಗಿದ್ದನ್ನು ನೋಡಿ ನಾವು ಉಸಿರು ಬಿಡುವಷ್ಟರಲ್ಲಿ, ಭಾರ ಕಳಕೊಂಡ ಮದುಮಗಳ ದೋಣಿ ಜಿಗ್ಗನೆ ಮೇಲೆ ಹೋಯಿತು. ತೆಂಗಿನ ಮರದಷ್ಟು ಮೇಲೆ. ಮೇಲಿನ ಗಾಳಿ ಅದನ್ನು ಹಿಡಿದು ಪಡುವಣಕ್ಕೆ, ಬಯಲು ಸಮುದ್ರದ ಕಡೆಗೆ ನೂಕತೊಡಗಿತು.

"ಹಾಯಿ ಇಳ್ಸೋ ಪುರ್ಸೂ!" ಎಂದು ಗಫೂರ ಕೂಗಿದ.

"ಬೇಡ!" ಗೋಯ್ದ ಅದಕ್ಕಿಂತ ಜೋರಾಗಿ ಕೂಗಿದ. "ಅಷ್ಟೆತ್ತರದಲ್ಲಿ ಹಾಯಿ ಇಳಿಸಿದ್ರೆ ಕಲ್ಲು ಬಿದ್ದ ಹಾಗೆ ಬೀಳ್ತದೆ. ಮುದುಕಿ ಇದೆ ಅದ್ರಲ್ಲಿ."

ಪುರ್ಸು ಲಂಗರು ಎಸೆದ. ಅದು ಅಡಿಯ ಬಂಡೆಗೆ ಸಿಕ್ಕಿ, ದೋಣಿ ಒಮ್ಮೆ ಜಗ್ಗಿ ನಿಂತು, ಆಮೇಲೆ ಲಂಗರೇ ಕಳಚಿಹೋಯಿತು. ಆ ಜಗ್ಗಾಟಕ್ಕೆ ಪುರ್ಸು ಹಾಯಿಮರಕ್ಕೆ ಬಡಿದುಕೊಂಡು ಒರಗಿದ್ದು ನಮಗೆ ಕಂಡಿತು. ಈಗ ದೋಣಿಯ ಕೆಳಗೆ ಬರೀ ಹಗ್ಗ, ಹಸುವಿನ ಬಾಲದ ಹಾಗೆ ತೂಗಾಡುತ್ತಿತ್ತು. ಗುಲಾಬಿಯ ಕೆಂಪು ಸೀರೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಅವಳು ಚುಕ್ಕಾಣಿಯನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದಳು.

ಗೋಯ್ದ ನಮ್ಮ ದೋಣಿಯನ್ನು ಅದರ ಬೆನ್ನಿಗೆ ಬಿಟ್ಟ. ಹಗ್ಗದ ತುದಿ ಹತ್ತಿರವಾಗುತ್ತ ಬಂದು, ನಮ್ಮ ಮೂತಿಯ ಮುಂದೆ ತಲೆಯೆತ್ತರದಲ್ಲಿ ಆಡುತ್ತಿತ್ತು. ಗೋಯ್ದ ನನ್ನ ಮುಖ ನೋಡಿದ.

"ದ್ಯಾಮವ್ವ, ಆ ಹಗ್ಗಕ್ಕೆ ಜೋತು ಬಿದ್ದರೆ ಆ ದೋಣಿ ಇಳೀತದೆ. ಹಿಡೀತ್ಯಾ?"

"ನಾ ಹ್ವಾದ್ರ ನಿಮ್ಮ ದೋಣಿ ಮ್ಯಾಲ ಹೊಕ್ಕೇತಲ್ರಿ!"

"ನೀನು ಕಾಲು ಎತ್ತಿದ ಕೂಡ್ಲೆ ಗಫೂರ ಹಾಯಿ ಇಳಿಸ್ತಾನೆ. ನಾವು ಕೆಳಗಿದ್ದೇವೆ, ಬಿದ್ರೂ ಸಾಯೂದಿಲ್ಲ. ಪಾಯಸ ಹೋಗ್ತದೆ, ಹೋಗ್ಲಿ."

ಈಜು ಬರುವುದಿಲ್ಲವೆಂದು ಹೇಳಲು ಅದೇ ಹೊತ್ತು. ಬಾಯಿ ತೆರೆದೆ. ಮೇಲಿಂದ ಅಜ್ಜಿಯ ದನಿ ಕೇಳಿಸಿತು, ಏನೋ ದೇವರ ಹೆಸರು. ಬಾಯಿ ಮುಚ್ಚಿ ಓಡಿದೆ. ಮೂತಿಯ ತುದಿಯಲ್ಲಿ ಕಾಲೂರಿ ಹಾರಿ ಎರಡು ಕೈಯಲ್ಲೂ ಹಗ್ಗ ಹಿಡಿದೆ.

ಹಿಂದೆ ಗೋಯ್ದನ ದೋಣಿ ಚಂಗನೆ ನೆಗೆದದ್ದು, ಧೊಪ್ಪೆಂದು ನೀರಿಗೆ ಬಿದ್ದದ್ದು, ಕಡಾಯಿಗಳು ಉರುಳಿದ ಸದ್ದು ಎಲ್ಲ ಕೇಳಿಸಿತು. ತಿರುಗಿ ನೋಡುವಂತಿರಲಿಲ್ಲ. ಅಂಗೈ ಉರಿಯುತ್ತಿತ್ತು. ಮೇಲೆ ನೋಡಿದೆ. ಆ ದೋಣಿಯ ತಳ, ಅದಕ್ಕಂಟಿದ್ದ ಚಿಪ್ಪು, ಪಾಚಿ, ಎಲ್ಲ ಮೆಲ್ಲಗೆ ನನ್ನ ಕಡೆಗೆ ಬರುತ್ತಿತ್ತು. ಇಳಿಯುತ್ತಿದೆ! "ಇಳೀತೈತಿ!" ಎಂದು ಯಾರಿಗೋ ಕೂಗಿದೆ. ನನ್ನ ಮೈಯ ಒಂದೊಂದು ಗುಂಜಿಯೂ ದುಡಿಯುತ್ತಿತ್ತು. ಅಂಥ ಹೆಮ್ಮೆ ನನಗೆ ಇನ್ನಾವಾಗಲೂ ಆಗಿಲ್ಲ.

ಆಮೇಲೆ ಕಾಲು ನೀರಿಗೆ ತಾಗಿತು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಆಗಲೇ ಆದದ್ದು ಎಡವಟ್ಟು. ನೀರಿಗಿಳಿದವಳನ್ನು ನೀರೇ ಹೊತ್ತುಕೊಂಡಿತು. ಹಗ್ಗ ಸಡಿಲವಾಯಿತು, ಭಾರ ತಪ್ಪಿದ ದೋಣಿ ಮತ್ತೆ ಮೇಲೆದ್ದಿತು, ನಾನು ಬಾವಿಯಿಂದ ಸೇದಿದ ಕೊಡದ ಹಾಗೆ ನೀರಿನಿಂದ ಹೊರಬಂದೆ. ಮತ್ತೆ ಇಳಿಯಿತು. ಮತ್ತೆ ಮುಳುಗಿದೆ. ಈ ಸಲ ತಲೆಯತನಕ. ಮೂಗಿಗೆ ನೀರು ಹೋಗಿ ಕಣ್ಣು ಕತ್ತಲೆಯಾಯಿತು.

"ಹತ್ತು ಹೆಣ್ಣೇ!" ಮೇಲಿನಿಂದ ಹೊನ್ನಮ್ಮಜ್ಜಿ ಕೂಗುತ್ತಿದ್ದಳು. ಅಂಚಿನಿಂದ ಅರ್ಧ ಮೈ ಹೊರಗೆ ಹಾಕಿದ್ದಳು ಮುದುಕಿ. "ನೀರಲ್ಲಿದ್ರೆ ಆಗೂದಿಲ್ಲ! ಕಾಲಿಗೆ ಹಗ್ಗ ಸುತ್ತು! ಕೈ ಮೇಲೆ ಕೈ ಹಾಕು!"

ನಾನು ಮರ ಹತ್ತಿದವಳಲ್ಲ, ಏಣಿ ಹತ್ತಿದವಳೂ ಅಲ್ಲ. ಆದರೆ ಹಿಟ್ಟು ನಾದಿದ ತೋಳು ಇತ್ತು. ಕಾಲಿಗೆ ಹಗ್ಗ ಸುತ್ತಿದೆ. ಕೈ ಮೇಲೆ ಕೈ ಹಾಕಿದೆ. ಮೇಲಿಂದ ಅಜ್ಜಿ ಎಳೆದಳು. ನಾನು ಮೇಲೇರಿದಷ್ಟೂ ದೋಣಿ ಕೆಳಗಿಳಿಯಿತು. ಅಂಚಿಗೆ ಎದೆ ತಾಗಿತು. ಅಲ್ಲಿ ಸಿಕ್ಕಿಕೊಂಡೆ, ಒಳಗೂ ಇಲ್ಲ ಹೊರಗೂ ಇಲ್ಲ. ಗುಲಾಬಿ ಚುಕ್ಕಾಣಿ ಬಿಟ್ಟು ಓಡಿ ಬಂದು, ಮದರಂಗಿ ಕೈಯಿಂದ ನನ್ನ ಜಡೆ ಹಿಡಿದು ಎಳೆದಳು. ಇಡೀ ದೋಣಿ ನನ್ನ ಕಡೆಗೆ ವಾಲಿತು, ನಾನು ಉರುಳಿ ಒಳಗೆ ಬಿದ್ದೆ.

ಬಿದ್ದಲ್ಲೇ ಮಲಗಿದ್ದರೆ ನಾಲ್ವರೂ ಮಗುಚುತ್ತಿದ್ದೆವು. ಎದ್ದೆ. ಕೂಗಿ ಹೇಳಲು ಅಲ್ಲಿ ಗೋಯ್ದ ಇರಲಿಲ್ಲ. ಪುರ್ಸು ತಲೆ ಹಿಡಿದುಕೊಂಡು ನರಳುತ್ತಿದ್ದ. ಪಾದದಡಿ ಹಲಗೆ ಎತ್ತ ಏಳುತ್ತಿದೆ ಅನ್ನುವುದೊಂದೇ ನನಗೆ ಗೊತ್ತಿದ್ದದ್ದು. ಬಲಕ್ಕೆ ಓಡಿದೆ, ನಿಂತೆ, ಮುಂದೆ ಓಡಿದೆ. "ಗುಲಾಬಿ, ನೀ ಚುಕ್ಕಾಣಿಗೆ ಹೋಗವಾ! ಯಜ್ಜೀ, ಮರದ ಬುಡಕ್ಕ ಕೂಡ್ರಿ!" ಇಬ್ಬರೂ ಹೇಳಿದ ಹಾಗೆ ಮಾಡಿದರು. ಮೂತಿ ತಗ್ಗಿತು. ಎಮ್ಮೆ ಹೊಂಡಕ್ಕೆ ಇಳಿದ ಹಾಗೆ ದೋಣಿ ನಿಧಾನಕ್ಕೆ, ಒಂದು ನಿಟ್ಟುಸಿರು ಬಿಟ್ಟು, ನೀರಿನ ಮೇಲೆ ಕೂತಿತು. ಪುರ್ಸು ಎದ್ದು ಒಂದೇ ಕೈಯಲ್ಲಿ ಹಾಯಿ ಇಳಿಸಿದ.

ಹಿಂದೆ ದೂರದಲ್ಲಿ ಗೋಯ್ದನೂ ಗಫೂರನೂ ಹುಟ್ಟು ಹಾಕಿಕೊಂಡು ಬರುತ್ತಿದ್ದರು. ಸುತ್ತ ವಡೆಗಳು ತೇಲುತ್ತಿದ್ದವು, ಕಡಲಹಕ್ಕಿಗಳಿಗೆ ಮದುವೆ ಊಟ.

ಕುರ್ವೆಯಲ್ಲಿ ಜನ ಸೊಂಟದ ಮಟ್ಟ ನೀರಿಗಿಳಿದು ನಮ್ಮನ್ನು ಎಳೆದುಕೊಂಡರು. ಡೋಲು ಬಡಿಯುವುದೋ ಅಳುವುದೋ ಗೊತ್ತಾಗದೆ ಡೋಲಿನವರು ಎರಡನ್ನೂ ಮಾಡಿದರು. ಒದ್ದೆ ಸೀರೆಯಲ್ಲೇ ಗುಲಾಬಿಯ ಧಾರೆಯಾಯಿತು. ಊಟಕ್ಕೆ ಅವಲಕ್ಕಿ, ಕಾಯಿತುರಿ, ಬೆಲ್ಲ. ನನ್ನ ಅಂಗೈಯ ಚರ್ಮ ಕಿತ್ತುಹೋಗಿತ್ತು. ಹೊನ್ನಮ್ಮಜ್ಜಿ ಅದಕ್ಕೆ ಎಣ್ಣೆ ಸವರುತ್ತ, "ಅಲ್ಲವೇ, ಅಷ್ಟು ಸಲ ಮುಳುಗಿದ್ಯಲ್ಲ, ಒಂದು ಸಲವಾದ್ರೂ ಕಾಲು ಬಡೀಬಾರದಾಗಿತ್ತಾ? ಈಜಿನವರು ಹಾಗೆ ಕಲ್ಲಿನ ಹಾಗೆ ಹೋಗ್ತಾರಾ?" ಅಂದಳು.

"ನನಗ ಈಜು ಬರೂದಿಲ್ರಿ ಯಜ್ಜಿ."

ಅಜ್ಜಿಯ ಕೈ ನಿಂತಿತು. ನನ್ನ ಮುಖ ನೋಡಿದಳು. ಎಣ್ಣೆಗೈಯಿಂದಲೇ ಕೆನ್ನೆಗೆ ಒಂದು ಬಾರಿಸಿದಳು. ಚಪ್ಪರದಲ್ಲಿ ಊಟಕ್ಕೆ ಕೂತವರೆಲ್ಲ ತಿರುಗಿದರು. ಮರುಕ್ಷಣ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು, "ಮಳ್ಳು ಹೆಣ್ಣೇ, ಮಳ್ಳು ಹೆಣ್ಣೇ" ಅನ್ನುತ್ತ. ಗೋಯ್ದ ಅವಲಕ್ಕಿಯನ್ನು ಎಲೆಯಲ್ಲೇ ಬಿಟ್ಟು ಎದ್ದು ಆಚೆ ಹೋದ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ.

"ನಾನು ಕೇಳ್ಬೇಕಾಗಿತ್ತು, ಕೇಳ್ಲಿಲ್ಲ," ಅಂದ. ಅವನ ದನಿ ಅಷ್ಟು ಸಣ್ಣದಾಗಿ ನಾನು ಕೇಳಿಯೇ ಇರಲಿಲ್ಲ. "ಇನ್ನು ಈಜು ಕಲೀದೆ ನನ್ನ ದೋಣಿ ಹತ್ತಬೇಡ."

"ಕಲಿಯೂತನಾ ದೋಣಿಗೆ ಭಾರ ಯಾರ್ರಿ?"

"ಯಾರೂ ಇಲ್ಲ. ದಂಡೆಗೆ ಎಳೆದು ಇಡ್ತೆ. ಬೇಗ ಕಲಿ."

ಅಜ್ಜಿ ಮೊಮ್ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಬಂದವಳು ಮನೆಗೆ ಹೋಗದೆ ನನ್ನ ಬೆನ್ನು ಹತ್ತಿದಳು. ಅಂಗೈ ಮಾಯ್ದ ಕೂಡಲೇ ದಿನಾ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಹೊಳೆ ಕಡಲು ಸೇರುವ ಅಳಿವೆಯ ತಿಳಿನೀರಿಗೆ ಇಳಿಸಿದಳು. ಮೊದಮೊದಲು ನಾನು ಅವಳ ಕುತ್ತಿಗೆ ಹಿಡಿದು ಇಬ್ಬರನ್ನೂ ಮುಳುಗಿಸುತ್ತಿದ್ದೆ. "ಬಿಡು, ಬಿಡು, ನಾನಲ್ಲ ನಿನ್ನ ಹೊರೂದು, ನೀರು!" ಎಂದು ಬೈಯುತ್ತಿದ್ದಳು. ಅಂಗಾತ ಮಲಗಿಸಿ ಬೆನ್ನಿನಡಿ ಒಂದು ಅಂಗೈ ಇಡುತ್ತಿದ್ದಳು. ಒಂದು ಬೆಳಿಗ್ಗೆ ಮೋಡ ನೋಡುತ್ತ ಮಲಗಿದ್ದೆ. ಬೆನ್ನಡಿಯ ಅಂಗೈ ಯಾವಾಗಲೋ ಹೋಗಿತ್ತು. ಅಜ್ಜಿ ದಡದಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. ನನಗೆ ನನ್ನ ಮೈ ಇದೆಯೆಂಬುದೇ ಗೊತ್ತಾಗುತ್ತಿರಲಿಲ್ಲ. ಅಷ್ಟು ದೊಡ್ಡ ಮೈ, ಒಂದು ಎಲೆಯ ಹಾಗೆ. ಸದ್ದಿಲ್ಲದೆ ಅತ್ತೆ. ಉಪ್ಪು ಉಪ್ಪಿಗೆ ಸೇರಿತು.

ಕಾಲು ಬಡಿಯಲು, ಕೈ ಬೀಸಲು, ಉಸಿರು ಹಿಡಿಯಲು ಇನ್ನೂ ಒಂದಷ್ಟು ದಿನ ಹಿಡಿಯಿತು. ಕೊನೆಗೆ ಗೋಯ್ದ ದೋಣಿಯನ್ನು ನೀರಿಗೆ ಎಳೆದು, ಅಲೆಗಳ ಆಚೆ, ಆಳದಲ್ಲಿ ನಿಲ್ಲಿಸಿಕೊಂಡು ಗಫೂರನ ಜೊತೆ ಕಾದ. ನಾನು ದಂಡೆಯಿಂದ ಇಳಿದೆ. ನೀರು ಎದೆಗೆ ಬಂತು, ಗದ್ದಕ್ಕೆ ಬಂತು, ನೆಲ ತಪ್ಪಿತು. ಹಿಂದೆ ದಂಡೆಯಲ್ಲಿ ಭಾರದವರೆಲ್ಲ ನಿಂತು ಸಿಳ್ಳೆ ಹಾಕುತ್ತಿದ್ದರು. ತುಕಾರಾಮನ ಸಿಳ್ಳೆ ಎಲ್ಲಕ್ಕಿಂತ ಜೋರು. ಅಲೆ ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಕಂಡದ್ದು ದೋಣಿಯೊಂದೇ. ಅದರಲ್ಲಿದ್ದ ಇಬ್ಬರೂ ಕೈ ಚಾಚಲಿಲ್ಲ, ಅಜ್ಜಿ ಹಾಗೆ ಆಣೆ ಹಾಕಿಸಿದ್ದಳಂತೆ. ಉಸಿರು ಮುಗಿಯುತ್ತ ಬಂದಾಗ ಬೆರಳಿಗೆ ಮರ ತಾಗಿತು. ಅಂಚು ಹಿಡಿದು ಮೈ ಎತ್ತಿದೆ, ದೋಣಿ ಪೂರಾ ನನ್ನ ಕಡೆ ಬಾಗಿತು.

"ಮೆಲ್ಲಗೆ ಅಕ್ಕಾ, ನಮ್ಮನ್ನ ನೀರಿಗೆ ಹಾಕ್ತ್ಯಾ!" ಎಂದು ಗಫೂರ ಕಿರುಚಿ ಆಚೆ ಅಂಚಿಗೆ ಜೋತುಬಿದ್ದ.

ನಾನು ಒಳಗೆ ಬಿದ್ದು, ಕೆಮ್ಮಿ, ನಕ್ಕು, ಎದ್ದು ಕೂತೆ. ಗೋಯ್ದ ತನ್ನ ಟವಲು ಎಸೆದ. ಅಷ್ಟರಲ್ಲಿ ಪಡುವಣದ ನೀರು ಕಪ್ಪಾಗಿ ನಡುಗಿತು, ಹಾಯಿಯ ಬಟ್ಟೆ ಒಮ್ಮೆ ಉಬ್ಬಿ ತಗ್ಗಿತು. ಗಾಳಿ ಬಂತು. ಗಫೂರ ಹಗ್ಗ ಬಿಚ್ಚಿದ, ನಾನು ಓಡಲು ಎದ್ದು ನಿಂತೆ.